ಸೆರೆಂಗೆಟಿಯ ಹುಲ್ಲುಗಾವಲು: ಒಂದು ಚಾರಿತ್ರಿಕ ವಿವೇಚನೆ

ಪೂರ್ವ ಆಫ್ರಿಕದ ರಾಷ್ಟ್ರೀಯೋದ್ಯಾನಗಳನ್ನು ಸಂದರ್ಶಿಸಿ ಬಂದವರ ಬರಹಗಳಲ್ಲಿಯೂ, ಅಲ್ಲಿಗೆ ಪ್ರವಾಸಿಗಳನ್ನು ಕರೆದೊಯ್ಯುವ ಸಂಸ್ಥೆಗಳ ಪ್ರಕಟಣೆಗಳಲ್ಲಿಯೂ ಒಂದು ಮಾತು ತಪ್ಪದೆ ಕಾಣಿಸಿಕೊಳ್ಳುತ್ತದೆ. ಅದು ಮನುಷ್ಯನ ಕೈ ಸೋಕದ ನೆಲ, ಸೃಷ್ಟಿಯ ಮೊದಲ ದಿನ ಹೇಗಿದ್ದಿತೋ ಇಂದಿಗೂ ಹಾಗೆಯೇ ಉಳಿದಿದೆ ಎಂಬುದೇ ಆ ಮಾತು. ಸೆರೆಂಗೆಟಿಯ ಬಯಲಿನಲ್ಲಿ ನಿಂತು ನಾಲ್ಕು ದಿಕ್ಕಿಗೂ ಕಣ್ಣು ಹಾಯಿಸಿದವರಿಗೆ ಈ ಭಾವನೆ ಬರುವುದು ಸಹಜ, ನಮಗೂ ಬಂದಿತ್ತು. ಆದರೆ ಇತಿಹಾಸದ ಅಭ್ಯಾಸಿಗಳಾದ ನಾವು ಅಷ್ಟಕ್ಕೆ ತೃಪ್ತರಾಗುವಂತಿಲ್ಲ. ಈ ಬಯಲಿನಲ್ಲಿ ಜನರಿರಲಿಲ್ಲವೆ? ಇದ್ದರೆ ಅವರು ಎಲ್ಲಿಗೆ ಹೋದರು? ಇಂದು ಕಾಣುವ ಮೃಗಸಮೂಹ ಹಿಂದೆಯೂ ಇಷ್ಟೇ ಇದ್ದಿತೆ? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಪರಿಶೀಲಿಸಬೇಕೆಂದಿದ್ದೇವೆ.

ಮೊದಲು ಹೆಸರಿನ ವಿಚಾರ. 'ಸಫಾರಿ' ಎಂಬುದು ಸ್ವಾಹಿಲಿ ಮಾತು. ಅರಬ್ಬಿಯ 'ಸಫರ್' ಎಂಬುದರಿಂದ ಬಂದದ್ದು. ಹಿಂದೂಸ್ತಾನಿ ಬಲ್ಲವರಿಗೆ ಈ ಶಬ್ದ ಹೊಸದಲ್ಲ. ಪಯಣ ಎಂಬಷ್ಟೇ ಇದರ ಅರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಹಿಂದೂ ಮಹಾಸಾಗರದ ತೀರದಿಂದ ಒಳನಾಡಿಗೆ ಹೊರಡುತ್ತಿದ್ದ ವರ್ತಕರ ತಂಡಗಳು, ಆನೆದಂತವನ್ನೂ ಗುಲಾಮರನ್ನೂ ತರುತ್ತಿದ್ದ ತಂಡಗಳು, ಸಫಾರಿಗಳೇ ಆಗಿದ್ದವು. ಅನಂತರ ಐರೋಪ್ಯ ಬೇಟೆಗಾರರು ಅದೇ ಹೊರೆಯಾಳುಗಳನ್ನು ಕಟ್ಟಿಕೊಂಡು ಹೊರಟರು. ಹೆಸರು ಅವರಿಗೆ ದಾಟಿತು. ೧೯೦೯ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಮೊಂಬಾಸಾದಲ್ಲಿ ಇಳಿದು ಕೈಗೊಂಡ ಯಾತ್ರೆಯಲ್ಲಿ ಅವರೂ ಅವರ ಮಗನೂ ಕೊಂದ ಪ್ರಾಣಿಗಳು ೫೧೨. ಈಗ ಕೋವಿಯ ಸ್ಥಾನದಲ್ಲಿ ಕ್ಯಾಮೆರಾ ಬಂದಿದೆ. ಕೀನ್ಯಾ ದೇಶದಲ್ಲಂತೂ ೧೯೭೭ರಲ್ಲಿ ಮೃಗಯಾವಿನೋದವೇ ನಿಷೇಧಿತವಾಯಿತು. ಬಂಡೀಪುರ ನಾಗರಹೊಳೆಗಳಿಗೆ ಹೋಗುವ ನಮ್ಮವರೂ ಇಂದು 'ಸಫಾರಿಗೆ ಹೋಗಿದ್ದೆವು' ಎನ್ನುತ್ತಾರಾದರೆ, ಆ ಮಾತು ಎಷ್ಟು ಕೈ ದಾಟಿ ಬಂದದ್ದೆಂಬುದನ್ನು ನೆನೆಯುವುದುಂಟೆ?

ಇನ್ನು ಸ್ಥಳದ ಸ್ವರೂಪ. ಟಾಂಜಾನಿಯಾದ ಅರುಷಾ ನಗರದಿಂದ ಪಶ್ಚಿಮಕ್ಕೆ ಹೊರಟ ವಾಹನ ಗೊರೊಂಗೊರೊ ಎಂಬ ಆರಿದ ಜ್ವಾಲಾಮುಖಿಯ ಅಂಚನ್ನು ಏರುತ್ತದೆ. ಒಳಗೆ ಸುಮಾರು ೬೦೦ ಮೀಟರ್ ಆಳದಲ್ಲಿ, ೨೬೦ ಚದರ ಕಿಲೋಮೀಟರ್ ವಿಸ್ತಾರದ ಬಟ್ಟಲಿನಂತಹ ನೆಲ. ಅದರಲ್ಲಿ ಸರೋವರ, ಜಾಲಿಯ ತೋಪು, ಸಿಂಹ, ಕಾಡೆಮ್ಮೆ, ಖಡ್ಗಮೃಗ. ಅಲ್ಲಿಂದ ಇಳಿದರೆ ಸೆರೆಂಗೆಟಿಯ ಬಯಲು. ಉದ್ಯಾನದ ವಿಸ್ತೀರ್ಣ ೧೪,೭೬೩ ಚದರ ಕಿಲೋಮೀಟರ್. ಉತ್ತರದಲ್ಲಿ, ಕೀನ್ಯಾದ ಗಡಿಯಾಚೆ, ಇದೇ ಬಯಲಿನ ಮುಂದುವರಿಕೆಯಾಗಿ ಮಾಸಾಯಿ ಮಾರಾ ಅಭಯಾರಣ್ಯವಿದೆ. ಗಡಿಯನ್ನು ಮನುಷ್ಯರು ಗುರುತಿಸುತ್ತಾರೆ. ವಿಲ್ಡಬೀಸ್ಟ್‌ಗಳಿಗೆ ಅದರ ಗೊಡವೆಯಿಲ್ಲ.

ದನದ ಮೋರೆ, ಕುದುರೆಯ ಬಾಲ, ಇಳಿಬಿದ್ದ ಗಡ್ಡವುಳ್ಳ ಈ ಪ್ರಾಣಿ ವಾಸ್ತವವಾಗಿ ಜಿಂಕೆ-ಚಿಗರೆಗಳ ಬಂಧು. ಇವು ಹತ್ತು ಲಕ್ಷಕ್ಕೂ ಮೀರಿ, ಲಕ್ಷಾಂತರ ಜೀಬ್ರಾಗಳೊಡನೆ, ವರ್ಷಕ್ಕೊಂದು ಸುತ್ತು ಬರುತ್ತವೆ. ಮಳೆಗಾಲದಲ್ಲಿ ದಕ್ಷಿಣದ ಮೋಟುಹುಲ್ಲಿನ ಬಯಲಿನಲ್ಲಿದ್ದು ಫೆಬ್ರವರಿಯ ಸುಮಾರಿಗೆ ಈಯುತ್ತವೆ. ಜ್ವಾಲಾಮುಖಿಯ ಬೂದಿ ಬೆರೆತ ಅಲ್ಲಿನ ಮಣ್ಣಿನ ಹುಲ್ಲಿನಲ್ಲಿ ಹಾಲೂಡುವ ತಾಯಿಗೆ ಬೇಕಾದ ಲವಣಾಂಶಗಳು ಹೇರಳ. ಆದರೆ ಬೇಸಗೆಯಲ್ಲಿ ಅಲ್ಲಿ ಕುಡಿಯಲು ನೀರಿಲ್ಲ. ಮೇ ಜೂನ್ ತಿಂಗಳುಗಳಲ್ಲಿ ಹಿಂಡುಗಳು ಪಶ್ಚಿಮಕ್ಕೆ ಸರಿದು, ಜುಲೈಯಿಂದ ಅಕ್ಟೋಬರಿನವರೆಗೆ ಉತ್ತರದಲ್ಲಿದ್ದು, ಮೊಸಳೆಗಳಿರುವ ಮಾರಾ ನದಿಯನ್ನು ಮತ್ತೆ ಮತ್ತೆ ದಾಟಿ, ನವೆಂಬರಿನಲ್ಲಿ ಮೋಡ ಕಟ್ಟಿದೊಡನೆ ದಕ್ಷಿಣಕ್ಕೆ ತಿರುಗುತ್ತವೆ. ಪ್ರವಾಸಿಗಳಲ್ಲಿ ಹೆಚ್ಚಿನವರು ನದಿಯ ದಾಟುವಿಕೆಯನ್ನು ನೋಡಲೆಂದೇ ಬರುವವರು.

ಈ ಬಯಲಿನಲ್ಲಿ ಮನುಷ್ಯವಾಸವೇನೂ ಹೊಸದಲ್ಲ. ಮೇಯಿಸುವ ಜನ ಇಲ್ಲಿಗೆ ಬಂದು ಮೂರು ಸಾವಿರ ವರ್ಷಗಳ ಮೇಲಾಯಿತು. ಕೀನ್ಯಾದ ನೈರುತ್ಯ ಭಾಗದ ನಾರೋಕ್ ಪ್ರದೇಶದಲ್ಲಿ ಪ್ರಾಕ್ತನಜ್ಞರು ಅಗೆದು ಪರೀಕ್ಷಿಸಿ ೨೦೧೮ರಲ್ಲಿ ಪ್ರಕಟಿಸಿದ ಸಂಶೋಧನೆ ಈ ದೃಷ್ಟಿಯಿಂದ ಬಹು ಮುಖ್ಯವಾದುದು. ಒಂದೂವರೆ ಸಾವಿರದಿಂದ ಮೂರೂವರೆ ಸಾವಿರ ವರ್ಷಗಳಷ್ಟು ಹಿಂದಿನ ಹಟ್ಟಿಗಳಲ್ಲಿ, ದನಕುರಿಗಳನ್ನು ರಾತ್ರಿ ಕೂಡುತ್ತಿದ್ದ ರೊಪ್ಪಗಳ ಜಾಗದಲ್ಲಿ, ಗೊಬ್ಬರದ ಸಾರ ಇಂದಿಗೂ ಮಣ್ಣಿನಲ್ಲಿ ಉಳಿದಿದೆ. ಸುತ್ತಲಿನ ಬಡಮಣ್ಣಿನ ನಡುವೆ ಆ ಜಾಗಗಳು ಹಸುರು ತೆರಪುಗಳಾಗಿ ನಿಂತಿವೆ. ಕಾಡುಮೃಗಗಳು ಮೇಯಲು ಅಲ್ಲಿಗೇ ಬರುತ್ತವೆ. ಕುರಿ ತರುಬಿದ ಹೊಲದ ಫಲವನ್ನು ಬಲ್ಲ ನಮ್ಮ ಬಯಲುಸೀಮೆಯ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪ್ರವಾಸಿ ಚಿತ್ರ ತೆಗೆಯುವ ಚಿಗರೆ ನಿಂತಿರುವುದು ಯಾರದೋ ಹಳೆಯ ಹಟ್ಟಿಯ ಮೇಲಾಗಿರಬಹುದು.

ಮಾಸಾಯಿಗಳು ಈ ಸಾಲಿನಲ್ಲಿ ಈಚಿನವರು. ಗೊರೊಂಗೊರೊ ಪ್ರದೇಶ ಅವರಿಗಿಂತ ಮುಂಚೆ ದಾತೋಗ ಎಂಬ ದನಗಾಹಿಗಳ ಕೈಯಲ್ಲಿದ್ದಿತು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ವೇಳೆಗೆ ಮಾಸಾಯಿಗಳು ಅವರನ್ನು ಹೊರದೂಡಿದ್ದರು. ಆ ನೆಲದ ಆದಿವಾಸಿಗಳು ಮಾಸಾಯಿಗಳೇ ಎಂದು ಅವರ ಪಕ್ಷ ವಹಿಸುವ ಕೆಲವರು ಹೇಳುವುದುಂಟು. ಅವರಿಗೆ ಆದ ಅನ್ಯಾಯವನ್ನು ತೋರಿಸಲು ಇಂತಹ ಅತಿಶಯೋಕ್ತಿ ಬೇಕಾಗಿಲ್ಲವೆಂದು ನಮ್ಮ ಅಭಿಪ್ರಾಯ.

ಇಲ್ಲಿಂದ ಮುಂದೆ ಒಂದು ರೋಗದ ಇತಿಹಾಸವನ್ನು ಹೇಳಬೇಕಾಗುತ್ತದೆ. ನಮ್ಮ ರೈತರು ದೊಡ್ಡರೋಗವೆಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಎಂಬ ದನಗಳ ಮಾರಿ ಆಫ್ರಿಕದ ಈ ಭಾಗಕ್ಕೆ ೧೮೮೭ರ ಸುಮಾರಿಗೆ ಬಂದಿತು. ಇಂದಿನ ಎರಿಟ್ರಿಯಾದಲ್ಲಿ ಇಳಿದ ಇಟಲಿಯ ಸೈನ್ಯಕ್ಕಾಗಿ ತರಿಸಿದ ದನಗಳೊಡನೆ ಅದು ಕಾಲಿಟ್ಟಿತೆಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ೧೮೯೦ರ ವೇಳೆಗೆ ಪೂರ್ವ ಆಫ್ರಿಕವನ್ನು ಹೊಕ್ಕು, ೧೮೯೬-೯೭ರಲ್ಲಿ ಖಂಡದ ದಕ್ಷಿಣದ ತುದಿಯನ್ನು ಮುಟ್ಟಿತು. ದಾರಿಯುದ್ದಕ್ಕೂ ಹತ್ತರಲ್ಲಿ ಒಂಬತ್ತು ದನಗಳು ಸತ್ತ ಸೀಮೆಗಳು ಅನೇಕ. ಕಾಡೆಮ್ಮೆ, ವಿಲ್ಡಬೀಸ್ಟ್, ಜಿರಾಫೆಗಳೂ ರಾಶಿರಾಶಿಯಾಗಿ ಬಿದ್ದವು. ದನವೇ ಧನವಾಗಿದ್ದ ಮಾಸಾಯಿಗಳಿಗೆ ಇದು ಪ್ರಳಯ. ಹಿಂದೆಯೇ ಸಿಡುಬು ಬಂದಿತು. ಅಳಿದುಳಿದ ದನಗಳಿಗಾಗಿ ಪಂಗಡ ಪಂಗಡಗಳು ಕಾದಾಡಿದವು. ಆ ಕಾಲವನ್ನು ಅವರು 'ಎಮುತಾಯಿ', ಸರ್ವನಾಶ, ಎಂದು ಕರೆಯುತ್ತಾರೆ. ೧೮೯೨ರಲ್ಲಿ ಗೊರೊಂಗೊರೊವನ್ನು ಕಂಡ ಆಸ್ಟ್ರಿಯಾದ ಪ್ರವಾಸಿ ಆಸ್ಕರ್ ಬೌಮನ್, ಎಲುಬುಗೂಡಾಗಿದ್ದ ಹೆಂಗಸರನ್ನೂ ಮಕ್ಕಳನ್ನೂ ಅಲ್ಲಿ ನೋಡಿ ಬರೆದಿಟ್ಟಿದ್ದಾನೆ.

ಮೇಯುವ ದನವೂ ಇಲ್ಲ, ಹುಲ್ಲಿಗೆ ಬೆಂಕಿಯಿಕ್ಕಿ ಪೊದೆಯನ್ನು ತಡೆಯುವ ಜನವೂ ಇಲ್ಲವೆಂದಾಗ ಪೊದೆಗಾಡು ಬಯಲನ್ನು ಆಕ್ರಮಿಸಿತು. ಪೊದೆಯೊಡನೆ ತ್ಸೆತ್ಸೆ ನೊಣ ಬಂದಿತು, ನೊಣದೊಡನೆ ನಿದ್ರಾರೋಗ. ಯುಗಾಂಡದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಈ ರೋಗಕ್ಕೆ ತುತ್ತಾದವರು ಎರಡು ಲಕ್ಷಕ್ಕೂ ಮೇಲು. ಸರೋವರದ ದಡಗಳಿಂದ ಸರಕಾರ ಜನರನ್ನು ಎಬ್ಬಿಸಿ ಕಳುಹಿಸಿತು. ಅಂದಮೇಲೆ, ಐರೋಪ್ಯ ಅಧಿಕಾರಿಗಳು ಬಂದು 'ನಿರ್ಜನ ಪ್ರದೇಶ'ವೆಂದು ನಕ್ಷೆಯಲ್ಲಿ ಗುರುತಿಸಿದ ಸೀಮೆಗಳಲ್ಲಿ ಎಷ್ಟೋ, ಹತ್ತಿಪ್ಪತ್ತು ವರ್ಷಗಳ ಕೆಳಗೆ ಹಾಳಾದ ಊರುಗಳೇ. ಮನೆಯವರು ಸತ್ತ ಮನೆಯನ್ನು ಕಂಡು, ಇಲ್ಲಿ ಯಾರೂ ಎಂದೂ ವಾಸಿಸಿರಲಿಲ್ಲ ಎಂದಂತಾಯಿತು.

ಬೇಟೆಯ ಕಾನೂನುಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. ೧೯೦೦ರಲ್ಲಿ ಲಂಡನ್ನಿನಲ್ಲಿ ವಸಾಹತು ಸರಕಾರಗಳು ಆಫ್ರಿಕದ ಮೃಗರಕ್ಷಣೆಯ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಪರವಾನೆಗೆ ಹಣ ತೆತ್ತು ಕೋವಿ ಹಿಡಿದವನು ಬೇಟೆಗಾರನೆನಿಸಿದನು. ಹೊಟ್ಟೆಗಾಗಿ ಬಿಲ್ಲು ಹಿಡಿದವನು ಕಳ್ಳಬೇಟೆಗಾರನಾದನು. ಇದೇ ಕಾಲದಲ್ಲಿ, ೧೮೯೬ರಿಂದ ೧೯೦೧ರವರೆಗೆ, ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತಡಿಯವರೆಗೆ ಯುಗಾಂಡ ರೈಲ್ವೆ ನಿರ್ಮಾಣವಾಯಿತು. ಭಾರತದಿಂದ, ಮುಖ್ಯವಾಗಿ ಪಂಜಾಬಿನಿಂದ, ಹೋದ ಸುಮಾರು ೩೨,೦೦೦ ಕೂಲಿಗಳು ಅದರಲ್ಲಿ ದುಡಿದರು. ಸುಮಾರು ೨,೫೦೦ ಮಂದಿ ಅಲ್ಲಿಯೇ ಸತ್ತರು. ೧೮೯೮ರಲ್ಲಿ ತ್ಸಾವೋ ಸೇತುವೆಯ ಬಳಿ ಅವರಲ್ಲಿ ಹಲವರನ್ನು ಎಳೆದೊಯ್ದ ಎರಡು ನರಭಕ್ಷಕ ಸಿಂಹಗಳ ಕಥೆ ಲೋಕಪ್ರಸಿದ್ಧ. ಸಿಂಹಗಳ ಚರ್ಮ ಷಿಕಾಗೊ ವಸ್ತುಸಂಗ್ರಹಾಲಯದಲ್ಲಿದೆ. ಸತ್ತ ಕೂಲಿಗಳಲ್ಲಿ ಬಹುಮಂದಿಯ ಹೆಸರೂ ಇಂದು ನಮಗೆ ತಿಳಿಯದು.

ಬೇಟೆಗೆ ಮಿತಿ ಹಾಕುವುದು ಒಂದು. ಮನುಷ್ಯವಾಸವನ್ನೇ ಒಲ್ಲದ 'ರಾಷ್ಟ್ರೀಯೋದ್ಯಾನ'ದ ಕಲ್ಪನೆ ಇನ್ನೊಂದು. ಎರಡನೆಯದು ಅಮೆರಿಕದಲ್ಲಿ ಹುಟ್ಟಿ, ೧೯೩೩ರ ಲಂಡನ್ ಒಪ್ಪಂದದ ಮೂಲಕ ಆಫ್ರಿಕಕ್ಕೆ ಬಂದಿತು. ನೈರೋಬಿ ಉದ್ಯಾನ ೧೯೪೬ರಲ್ಲಿ, ತ್ಸಾವೋ ೧೯೪೮ರಲ್ಲಿ ಸ್ಥಾಪಿತವಾದವು. ಬ್ರಿಟಿಷರ ಆಡಳಿತದಲ್ಲಿದ್ದ ಟಾಂಗನೀಕದಲ್ಲಿ ಸೆರೆಂಗೆಟಿ ಉದ್ಯಾನ ೧೯೫೧ರಲ್ಲಿ ಕಾರ್ಯರೂಪಕ್ಕೆ ಬಂದಾಗ, ಮೊದಲಿನಿಂದ ಅಲ್ಲಿದ್ದ ಮಾಸಾಯಿಗಳಿಗೆ ಇರಲು ಹಕ್ಕುಂಟೆಂಬ ಭರವಸೆಯಿದ್ದಿತು. ಅದು ಬಹುಕಾಲ ಉಳಿಯಲಿಲ್ಲ. ೧೯೫೬ರಲ್ಲಿ ಸರಕಾರ ಉದ್ಯಾನವನ್ನು ಕಿರಿದುಗೊಳಿಸಿ ಉಳಿದುದನ್ನು ದನಗಾಹಿಗಳಿಗೆ ಬಿಡುವ ಸೂಚನೆ ಮಾಡಿದಾಗ ಯೂರೋಪು ಅಮೆರಿಕಗಳ ಮೃಗರಕ್ಷಕರಿಂದ ಪ್ರಬಲವಾದ ವಿರೋಧವೆದ್ದಿತು. ಕೊನೆಗೆ ೧೯೫೮ರಲ್ಲಿ ಹನ್ನೆರಡು ಮಂದಿ ಮಾಸಾಯಿ ಹಿರಿಯರು ಪಶ್ಚಿಮ ಸೆರೆಂಗೆಟಿಯ ಮೇಲಿನ ಹಕ್ಕನ್ನೆಲ್ಲ ಬಿಟ್ಟುಕೊಟ್ಟೆವೆಂಬ ಪತ್ರಕ್ಕೆ ಒಪ್ಪಿಗೆಯ ಗುರುತು ಹಾಕಿದರು. ಮರುವರ್ಷ ಜನ ದನಗಳೊಡನೆ ಪೂರ್ವಕ್ಕೆ ಸರಿದರು. ಅವರಿಗಾಗಿ ಗೊರೊಂಗೊರೊವನ್ನು ಪ್ರತ್ಯೇಕಿಸಿ, ಅಲ್ಲಿ ಮನುಷ್ಯನೂ ಮೃಗವೂ ಒಟ್ಟಿಗಿರತಕ್ಕದ್ದೆಂದು ವಿಧಿಸಲಾಯಿತು. ಜ್ವಾಲಾಮುಖಿಯ ಕುಳಿಯಲ್ಲಿ ನಿಮ್ಮ ಹಿತಕ್ಕೇ ಆದ್ಯತೆಯೆಂದು ಗವರ್ನರು ೧೯೫೯ರಲ್ಲಿ ಮಾತು ಕೊಟ್ಟರು. ೧೯೭೪ರಲ್ಲಿ, ದೇಶ ಸ್ವತಂತ್ರವಾದ ಮೇಲೆ, ಕುಳಿಯೊಳಗಿದ್ದವರನ್ನೂ ಹೊರಹಾಕಲಾಯಿತು. ೨೦೨೨ರಿಂದ ಈಚೆಗೆ ಗೊರೊಂಗೊರೊದಿಂದಲೇ ಸಾವಿರಾರು ಮಂದಿಯನ್ನು ನೂರಾರು ಮೈಲಿ ದೂರದ ಎಂಸೊಮೆರಾಕ್ಕೆ ಸಾಗಿಸಲಾಗಿದೆ. ಅವರು ಸ್ವಇಚ್ಛೆಯಿಂದ ಹೋದರೆಂದು ಸರಕಾರವೂ, ಶಾಲೆ ಆಸ್ಪತ್ರೆಗಳ ಸೌಕರ್ಯ ಕಿತ್ತು ಹೊರಡಿಸಿದರೆಂದು ಅಲ್ಲಿನ ಜನರೂ ಹೇಳುತ್ತಾರೆ.

ಐವತ್ತರ ದಶಕದ ವಾದವಿವಾದದಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಗ್ಝಿಮೆಕ್ ಮತ್ತು ಅವರ ಮಗ ಮೈಕೆಲ್ ಅವರ ಪಾತ್ರ ದೊಡ್ಡದು. ಚಿಕ್ಕ ವಿಮಾನವೊಂದರಲ್ಲಿ ಹಾರಾಡುತ್ತ ಅವರು ೧೯೫೮ರಲ್ಲಿ ಮೃಗಗಳನ್ನು ಎಣಿಸಿದರು. ೧೯೫೯ರ ಜನವರಿಯಲ್ಲಿ ರಣಹದ್ದೊಂದು ತಾಗಿ ವಿಮಾನ ಉರುಳಿ ಮೈಕೆಲ್ ತೀರಿಕೊಂಡನು. ಅದೇ ವರ್ಷ ಹೊರಬಂದ ಅವರ ಚಲನಚಿತ್ರ ಲೋಕದ ಮನಸ್ಸನ್ನು ಸೆರೆಂಗೆಟಿಯತ್ತ ತಿರುಗಿಸಿತು. ಅವರ ನಿಷ್ಠೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಮಾಸಾಯಿಯ ದನಗಳಿಂದ ಕಾಡುಮೃಗಗಳ ಬಾಳು ಮುಗಿಯುತ್ತದೆಂಬ ಅವರ ಭೀತಿಯನ್ನು ಅವರದೇ ಎಣಿಕೆಯ ಪಕ್ಕದಲ್ಲಿಟ್ಟು ನೋಡಬೇಕು.

ಅವರಿಗೆ ಸಿಕ್ಕ ವಿಲ್ಡಬೀಸ್ಟ್‌ಗಳು ಒಂದು ಲಕ್ಷಕ್ಕೆ ತುಸು ಕಡಿಮೆ. ಲೆಕ್ಕದಲ್ಲಿ ಹಲವು ತಪ್ಪಿಹೋಗಿರಬಹುದು. ೧೯೬೧ರ ಎಣಿಕೆಯಲ್ಲಿ ಸುಮಾರು ಎರಡೂವರೆ ಲಕ್ಷವಿದ್ದವು. ೧೯೭೭ರಲ್ಲಿ ಅವು ಹದಿಮೂರು ಲಕ್ಷವನ್ನು ಮುಟ್ಟಿದವು! ಇದಕ್ಕೆ ಕಾರಣ ಉದ್ಯಾನದ ಗಡಿಯೊಳಗೆ ಸಿಗುವುದಿಲ್ಲ. ದೊಡ್ಡರೋಗ ೧೮೯೦ರಿಂದ ಅಲ್ಲಿಯೇ ಮನೆಮಾಡಿಕೊಂಡು ಪ್ರತಿವರ್ಷ ವಿಲ್ಡಬೀಸ್ಟ್‌ಗಳ ಕರುಗಳನ್ನು ಕೊಲ್ಲುತ್ತಲೇ ಇದ್ದಿತು. ನೆರೆಯ ಸೀಮೆಗಳ ದನಗಳಿಗೆ ಪಶುವೈದ್ಯರು ಲಸಿಕೆ ಹಾಕಿದರು. ರೋಗದ ಮೂಲ ದನಗಳಲ್ಲಿ ಕಡಿದುಹೋದೊಡನೆ ೧೯೬೩ರ ಸುಮಾರಿಗೆ ಕಾಡುಮೃಗಗಳಲ್ಲಿಯೂ ಅದು ಮಾಯವಾಯಿತು. ಎಪ್ಪತ್ತರ ದಶಕದಲ್ಲಿ ಬೇಸಗೆಯ ಮಳೆಯೂ ಅನುಕೂಲವಾಗಿದ್ದಿತು. ನೈರೋಬಿಯ ಸಮೀಪದ ಮುಗುಗಾದಲ್ಲಿ ವಾಲ್ಟರ್ ಪ್ಲೌರೈಟ್ ಸಿದ್ಧಪಡಿಸಿದ ಲಸಿಕೆ ಮುಂದೆ ಲೋಕದಿಂದಲೇ ಈ ರೋಗವನ್ನು ತೊಡೆಯಲು ನೆರವಾಗಿ, ೨೦೧೧ರಲ್ಲಿ ಅದು ನಿರ್ಮೂಲವಾಯಿತೆಂದು ಸಾರಲಾಯಿತು. ನಮ್ಮ ಹೆಬ್ಬಾಳದ ಸೀರಂ ಸಂಸ್ಥೆ ಹುಟ್ಟಿದ್ದೂ ಇದೇ ರೋಗದ ತಡೆಗಾಗಿ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬಹುದು.

ಪರಿಣಾಮ ಅಲ್ಲಿಗೇ ನಿಲ್ಲಲಿಲ್ಲ. ವಿಲ್ಡಬೀಸ್ಟ್ ಹೆಚ್ಚಿದಂತೆ ಒಣಹುಲ್ಲು ಉಳಿಯುವುದು ಕಡಿಮೆಯಾಯಿತು. ಹುಲ್ಲಿಲ್ಲದೆ ಕಾಳ್ಗಿಚ್ಚು ತಗ್ಗಿತು. ಕಿಚ್ಚು ತಗ್ಗಿದ ಕಡೆ ಮರದ ಸಸಿಗಳು ತಲೆಯೆತ್ತಿದವು. ಪ್ರವಾಸಿ ಇಂದು ಸನಾತನವೆಂದು ಭಾವಿಸಿ ನೋಡುವ ಮಹಾಸಂಚಾರವೂ, ಅದರ ಹಿನ್ನೆಲೆಯ ಜಾಲಿಮರಗಳಲ್ಲಿ ಬಹುಪಾಲೂ, ದನಕ್ಕೆ ಚುಚ್ಚಿದ ಸೂಜಿಯ ಫಲ; ಅದಕ್ಕೆ ಅರುವತ್ತು ವರ್ಷದ ಪ್ರಾಯ.

ಹಾಗಾದರೆ ಉದ್ಯಾನಗಳೇ ಬೇಡವಾಗಿದ್ದವೆ? ನಾವು ಹಾಗೆ ಹೇಳುವುದಿಲ್ಲ. ಗಡಿ ಹಾಕದಿದ್ದರೆ ಇಷ್ಟರಲ್ಲಿ ಬಯಲಿನ ಪಶ್ಚಿಮ ಭಾಗವೆಲ್ಲ ಉತ್ತು ಹೊಲವಾಗಿರುತ್ತಿತ್ತು. ಹೊಲದ ನಡುವೆ ಹತ್ತು ಲಕ್ಷ ಮೃಗಗಳು ಹಾದುಹೋಗಲಾರವು. ಮಾರಾ ಅಭಯಾರಣ್ಯದ ಸುತ್ತ ಈಚೆಗೆ ಮಾಸಾಯಿಗಳೇ ತಮ್ಮ ಜಮೀನುಗಳನ್ನು ಒಟ್ಟುಗೂಡಿಸಿ, ಪ್ರವಾಸಿ ಶಿಬಿರಗಳಿಗೆ ಗುತ್ತಿಗೆ ಕೊಟ್ಟು, ಗೊತ್ತಾದ ಕಾಲಗಳಲ್ಲಿ ದನವನ್ನೂ ಮೇಯಿಸುವ ಏರ್ಪಾಡು ಮಾಡಿಕೊಂಡಿದ್ದಾರೆ. ಅದರಲ್ಲಿಯೂ ತಕರಾರುಗಳಿವೆ. ಆದರೆ ನೆಲ ಯಾರದೆಂಬ ಪ್ರಶ್ನೆಯನ್ನು ಅದು ಮುಚ್ಚಿಡುವುದಿಲ್ಲ.

ಸೆರೆಂಗೆಟಿಗೆ ಹೋಗುವ ಅವಕಾಶವುಳ್ಳವರು ಮೋರು ಬಂಡೆಗಳನ್ನು ನೋಡದೆ ಬರಬಾರದು. ಬಯಲಿನ ನಡುವೆ ದ್ವೀಪಗಳಂತೆ ಎದ್ದ ಈ ಕಲ್ಲುಗುಡ್ಡಗಳ ಒಂದು ಪೊಟರೆಯಲ್ಲಿ ಮಾಸಾಯಿ ತರುಣರು ಕೆಂಪು, ಬಿಳಿ, ಕಪ್ಪು ಬಣ್ಣಗಳಲ್ಲಿ ಬರೆದ ಗುರಾಣಿಗಳ ಚಿತ್ರಗಳಿವೆ. ಸಮೀಪದಲ್ಲಿಯೇ ಒಂದು ದೊಡ್ಡ ಬಂಡೆ. ಕಲ್ಲಿನಿಂದ ತಟ್ಟಿದರೆ ಜಾಗಟೆಯಂತೆ ದನಿಗೊಡುತ್ತದೆ. ತಟ್ಟಿ ತಟ್ಟಿ ಅದರ ಮೈಮೇಲೆ ಕುಳಿಗಳು ಬಿದ್ದಿವೆ. ನಾವು ಹೋದ ದಿನ ಅರ್ಧ ಮೈಲಿಯಾಚೆ ಸಿಂಹ ಮಲಗಿದೆಯೆಂಬ ಸುದ್ದಿ ಬಂದು, ಉಳಿದ ವಾಹನಗಳೆಲ್ಲ ಆ ಕಡೆಗೆ ಹೊರಟುಹೋದವು. ನಮ್ಮ ಮಾರ್ಗದರ್ಶಿ ಒಂದು ಕಲ್ಲನ್ನು ಆರಿಸಿ ನಮ್ಮ ಕೈಗಿತ್ತು, ತಟ್ಟಬೇಕಾದ ಕುಳಿಯನ್ನು ತೋರಿಸಿದನು.