ಎಂಟೋ, ಹನ್ನೊಂದೋ, ಮೂವತ್ತಮೂರೋ? ತಂತ್ರಾಂಶದಲ್ಲಿ ಕನ್ನಡದ ಲೆಕ್ಕ

ಪಶ್ಚಿಮ ಬೆಂಗಳೂರಿನ ‘ಬಸವೇಶ್ವರನಗರ’ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಬ, ಸ, ವೇ, ಶ್ವ, ರ, ನ, ಗ, ರ. ಒಟ್ಟು ಎಂಟು ಎಂದು ಶಾಲಾ ಬಾಲಕನೂ ಹೇಳುತ್ತಾನೆ. ಇಂದಿನ ಪೈಥಾನ್ ಭಾಷೆಯನ್ನು ಕೇಳಿದರೆ 11 ಎನ್ನುತ್ತದೆ. ಯುಟಿಎಫ್-8 ಕಡತದಲ್ಲಿ ಅದೇ ಹೆಸರು 33 ಬೈಟ್‌ಗಳನ್ನು ಆಕ್ರಮಿಸುತ್ತದೆ. ಮೂರೂ ಉತ್ತರಗಳು ಸರಿಯೇ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೆ ಜನರ ಹೆಸರು, ವಿಳಾಸಗಳೇ ಕೆಡುತ್ತವೆ.

1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಯಿತು. ಅಲ್ಲಿ ಸ್ವರ, ವ್ಯಂಜನ, ಸ್ವರಚಿಹ್ನೆ ಹಾಗೂ ಹಲಂತ ಚಿಹ್ನೆಗಳಿಗೆ ಪ್ರತ್ಯೇಕ ಸಂಕೇತಗಳಿವೆ. ಗುಣಿತಾಕ್ಷರ, ಒತ್ತಕ್ಷರಗಳಿಗೆ ಇಲ್ಲ. ಆದ್ದರಿಂದ ‘ವೇ’ ಎರಡು ಸಂಕೇತಗಳಾಗುತ್ತದೆ. ‘ಶ್ವ’ ಎಂಬುದು ಶ, ಹಲಂತ, ವ ಎಂದು ಮೂರಾಗುತ್ತದೆ. ಹೀಗೆ ಎಂಟು ಹನ್ನೊಂದಾಯಿತು. ಯುಟಿಎಫ್-8 ಪದ್ಧತಿಯು ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬಳಸುವುದರಿಂದ ಹನ್ನೊಂದು ಮೂವತ್ತಮೂರಾಯಿತು.

ವಿಳಾಸದ ಅಂಕಣಕ್ಕೆ 20 ಬೈಟ್‌ಗಳ ಮಿತಿಯಿದೆ ಎಂದುಕೊಳ್ಳಿ. ಇಂಗ್ಲಿಷಿನ ಇಪ್ಪತ್ತು ಅಕ್ಷರಗಳು ಅದರಲ್ಲಿ ಸಲೀಸಾಗಿ ಹಿಡಿಸುತ್ತವೆ. ಕನ್ನಡದಲ್ಲಾದರೋ ‘ಬಸವೇಶ್’ ಎಂಬಲ್ಲಿಗೆ 18 ಬೈಟ್ ಮುಗಿದು, ಮುಂದಿನ ‘ವ’ಕಾರದ ಎರಡು ತುಂಡುಗಳಷ್ಟೇ ಉಳಿಯುತ್ತವೆ. ಅದನ್ನು ಓದಹೊರಟ ಪೈಥಾನ್ ದೋಷ ಸಾರಿ ನಿಲ್ಲುತ್ತದೆ. ದೋಷವನ್ನು ಕಡೆಗಣಿಸುವಂತೆ ಆದೇಶಿಸಿದ್ದರೆ ಸದ್ದಿಲ್ಲದೆ ‘ಬಸವೇಶ್’ ಎಂದು ತೋರಿಸುತ್ತದೆ.

ಸಂಕೇತಗಳ ಲೆಕ್ಕದಲ್ಲಿ ಕತ್ತರಿಸಿದರೂ ಅಪಾಯ ತಪ್ಪದು. ಮೊದಲ ಮೂರು ಸಂಕೇತಗಳನ್ನಷ್ಟೇ ತೆಗೆದುಕೊಂಡರೆ ದೊರೆಯುವುದು ‘ಬಸವ’. ಬೇರೆಯದೇ ಹೆಸರು! ಯಾವ ಎಚ್ಚರಿಕೆಯೂ ಮೂಡುವುದಿಲ್ಲ.

ಇನ್ನೊಂದು ತೊಡಕು ಕಣ್ಣಿಗೇ ಕಾಣದು. ‘ವೇ’ಯಲ್ಲಿನ ಏತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ದೀರ್ಘ ಚಿಹ್ನೆಗಳೆಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ನೇರವಾಗಿ ಹೋಲಿಸುವ ಗಣಕಕ್ಕೆ ಬೇರೆ ಬೇರೆ. ಪಟ್ಟಿಯಲ್ಲಿರುವ ಹೆಸರೇ ಹುಡುಕಾಟದಲ್ಲಿ ಸಿಗದಿರಲು ಇದೂ ಒಂದು ಕಾರಣ. ಪೈಥಾನ್‌ನ ಯೂನಿಕೋಡ್‌ಡೇಟಾ ಘಟಕದಲ್ಲಿರುವ ನಾರ್ಮಲೈಸ್ ಕ್ರಿಯೆಯಿಂದ ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸುವುದೇ ಪರಿಹಾರ.

ಯೂನಿಕೋಡ್ ಬಳಸದ ಹಳೆಯ ‘ನುಡಿ’, ‘ಬರಹ’ ಅಕ್ಷರಶೈಲಿಗಳ ಕಡತಗಳ ಕಥೆಯೇ ಬೇರೆ. ಅವು ರೋಮನ್ ಲಿಪಿಯ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನಿರಿಸಿದ್ದವು. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸದೆ ಹುಡುಕಾಟ, ಅಕಾರಾದಿ ಜೋಡಣೆ ಸರಿಹೋಗವು.

2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3, ಪಠ್ಯವನ್ನೂ ಬೈಟ್‌ಗಳನ್ನೂ ಸ್ಪಷ್ಟವಾಗಿ ಬೇರ್ಪಡಿಸಿತು. ತಂತ್ರಾಂಶ ರಚಿಸುವವರು ಪಾಲಿಸಬೇಕಾದುದು ಇಷ್ಟೇ: ಕಡತ ತೆರೆಯುವಾಗ ಯುಟಿಎಫ್-8 ಎಂದು ನಮೂದಿಸಿ, ಹೋಲಿಸುವ ಮುನ್ನ ಏಕರೂಪಕ್ಕೆ ತನ್ನಿ, ಕತ್ತರಿಸಲೇಬೇಕಾದರೆ ಅಕ್ಷರದ ಅಂಚಿನಲ್ಲಿ ಕತ್ತರಿಸಿ. ಕಾರ್ಯಕ್ರಮ ಸಿದ್ಧವಾದ ಬಳಿಕ ‘ಬಸವೇಶ್ವರನಗರ’ ಎಂದು ಬೆರಳಚ್ಚಿಸಿ ನೋಡಿ. ಒಳಹೋದದ್ದೇ ಹೊರಬರಬೇಕು.