ಬೇಕಂತಲೇ ಸೊಟ್ಟ: ಕಿಳ್ಳೇಕ್ಯಾತನ ಮೂಗು, ರಾಜನ ತಲೆ, ನನ್ನ ಲೈನೋ ಪ್ರಿಂಟು

(ಪಾಡ್‌ಕಾಸ್ಟ್‌ನ ಬರಹರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇವೆ.)

ಒಂದು ಎಕ್ಸಿಬಿಷನ್‌ಗೆ ಹೋಗಿದ್ದೀರಿ ಅಂತಿಟ್ಕೊಳ್ಳಿ. ಫ್ರೇಮ್ ಹಾಕಿದ ಪ್ರಿಂಟ್. ಸೊಟ್ಟ ಮೂಗಿನ ಮನುಷ್ಯ, ಒಂದು ಕೈ ಉದ್ದ, ಒಂದು ಗಿಡ್ಡ, ಕೆಳಗೆ ಹೊಡೆದುಹಾಕಿ ತಿದ್ದಿದ ಒಂದು ಸಾಲು. ಜೊತೆಗೆ ಬಂದ ಫ್ರೆಂಡ್ "ಇದನ್ನ ನಮ್ಮನೆ ಪಾಪುನೂ ಬರೀತಾಳೆ" ಅಂತಾನೆ. ಇವತ್ತಿನ ಎಪಿಸೋಡ್ ಆ ಫ್ರೆಂಡ್‌ಗೆ.

ಬ್ರಿಟನ್ನಿನ ಡೇವಿಡ್ ಶ್ರಿಗ್ಲಿ ಇಂಥ ಚಿತ್ರಗಳಿಗೇ ಹೆಸರಾದವರು. ತಪ್ಪಾದ ಪದವನ್ನ ಅಳಿಸಲ್ಲ, ಗೀಟೆಳೆದು ಹಾಗೇ ಬಿಡ್ತಾರೆ. 2013ರಲ್ಲಿ ಟರ್ನರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದರು. ಆದರೆ ಅಷ್ಟು ದೂರ ಯಾಕೆ? ನಮ್ಮ ಕಿಳ್ಳೇಕ್ಯಾತ ಇದಾನಲ್ಲ!

ತೊಗಲುಗೊಂಬೆ ಆಟದಲ್ಲಿ ರಾಮ, ಸೀತೆ, ರಾವಣನ ಗೊಂಬೆಗಳನ್ನ ನೋಡಿ. ಒಡವೆಯ ಒಂದೊಂದು ಮಣಿಗೂ ಚರ್ಮದಲ್ಲಿ ಸಣ್ಣ ತೂತು ಕೊರೆದಿರ್ತಾರೆ. ಹಿಂದಿನಿಂದ ಬೆಳಕು ಬಿದ್ದರೆ ಮಿನುಗುತ್ತೆ. ಅದೇ ಪರದೆ ಮೇಲೆ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ ಬರ್ತಾರೆ. ಕರೀ ಮೈ, ಕೆದರಿದ ಕೂದಲು, ಡೊಳ್ಳು ಹೊಟ್ಟೆ. ಮಾತಂತೂ ಮನೆಮಂದಿ ಮುಂದೆ ಹೇಳೋ ಹಾಗಿಲ್ಲ. ರಾಮನ ಕಿರೀಟ ಕೊರೆದ ಕೈಗೆ ಒಂದು ನೆಟ್ಟಗಿನ ಮೂಗು ಕೊರೆಯೋಕೆ ಬರಲ್ವಾ? ಬರುತ್ತೆ. ಬೇಡ ಅಂತ ಬಿಟ್ಟಿದಾರೆ. ಈ ಸೊಟ್ಟ ಮುಖದವನೇ ಕಥೆ ನಿಲ್ಲಿಸಿ ಊರಿನ ದೊಡ್ಡೋರ ಕಾಲೆಳೆಯೋನು. ಅದನ್ನ ರಾಮನ ಬಾಯಲ್ಲಿ ಹೇಳಿಸೋಕಾಗುತ್ತಾ?

ಚಿತ್ರಕಲಾ ಪರಿಷತ್ತನ್ನ ಕಟ್ಟಿದ ಎಂ.ಎಸ್. ನಂಜುಂಡರಾವ್ ತೊಗಲುಗೊಂಬೆಗಳನ್ನ ಹುಡುಕಿ ಸಂಗ್ರಹಿಸಿದರು. ಕುಮಾರಕೃಪಾ ರಸ್ತೆಯ ಪರಿಷತ್ತಿನಲ್ಲಿ ಆ ಸಂಗ್ರಹ ಇದೆ. ಕೆಂಗೇರಿ, ವಿಜಯನಗರದವರು ನೇರಳೆ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದರೆ ಅಲ್ಲಿಂದ ಆಟೋ ಸಾಕು.

ಆದರೆ ಇಲ್ಲೊಂದು ಮುಳ್ಳಿದೆ. ಗೊಂಬೆ ಆಡಿಸುವ ಸಮುದಾಯವನ್ನೇ ಜನ ಕಿಳ್ಳೇಕ್ಯಾತರು ಅಂತ ಕರೆದರು. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇದೇ ಹೆಸರು ಸಿಳ್ಳೇಕ್ಯಾತ ಅಂತಿದೆ. ಅಂದ್ರೆ ಕೋಡಂಗಿಯ ಹೆಸರು, ಆಡಿಸೋರ ಹೆಸರು ಎರಡೂ ಒಂದೇ. ನಗಿಸಿದವರಿಗೇ ಆ ನಗು ಅಂಟಿಕೊಳ್ತು. ಕರೀ ಮೈ, ಚಪ್ಪಟೆ ಮೂಗನ್ನ ನಗೆಯ ಸಾಮಾನು ಮಾಡಿದ್ದಕ್ಕೆ ನನಗಂತೂ ಇವತ್ತು ಸಲೀಸಾಗಿ ನಗು ಬರಲ್ಲ. ಹಾಗಾಗಿ ಸೊಟ್ಟ ಚಿತ್ರ ಕಂಡಾಗ ನಾನು ಮೊದಲು ಕೇಳ್ಕೊಳ್ಳೋದು: ಇದು ಯಾರನ್ನ ನೋಡಿ ನಗ್ತಿದೆ?

ಪ್ಯಾರಿಸ್‌ನಲ್ಲಿ ಅದು ರಾಜನನ್ನೇ ನೋಡಿ ನಕ್ಕಿತ್ತು. 1831ರಲ್ಲಿ ಪತ್ರಿಕೆಯೊಂದರ ಮಾಲೀಕ ಫಿಲಿಪೋನ್, ರಾಜ ಲೂಯಿ ಫಿಲಿಪ್‌ನ ಮುಖ ನಾಲ್ಕೇ ಹಂತದಲ್ಲಿ ಪೇರ್ ಹಣ್ಣಾಗೋದನ್ನ ಕೋರ್ಟಿನಲ್ಲೇ ಬರೆದು ತೋರಿಸಿದ. ಪೇರ್ ಹಣ್ಣು ಬರೆಯೋಕೆ ಕಲಾವಿದನೇ ಆಗಬೇಕಾ? ಚಿಕ್ಕ ಹುಡುಗರೂ ಗೋಡೆ ಮೇಲೆ ಗೀಚಿದರು. ಇದೇ ಒರಟು ಗೆರೆಯ ಬಲ. ಕಾಪಿ ಮಾಡೋದು ಸುಲಭ, ತಡೆಯೋದು ಕಷ್ಟ. ಈಗಿನ ಮೀಮ್‌ಗಳ ಕಥೆಯೂ ಇದೇ ತಾನೇ? ಅದೇ ರಾಜನನ್ನ ಹೊಟ್ಟೆಬಾಕನಾಗಿ ಬರೆದ ಡೋಮಿಯೇ 1832ರಲ್ಲಿ ಜೈಲು ಸೇರಿದ. ಆರು ತಿಂಗಳ ಶಿಕ್ಷೆ.

ಪ್ರಿಂಟ್ ಮಾಡೋರಿಗೆ ಇನ್ನೊಂದು ಕಾರಣ, ಸಾಮಾನೇ ಹಾಗೆ. ಲೈನೋಲಿಯಂ ಅಂದ್ರೆ ನೆಲಕ್ಕೆ ಹಾಸೋ ಶೀಟು. ಅದರಲ್ಲಿ ಉಳಿ ಹಾಕಿ ಕೆತ್ತಿದ ಜಾಗ ಬಿಳಿ, ಬಿಟ್ಟ ಜಾಗಕ್ಕೆ ಇಂಕು. ಕೆತ್ತಿದ್ದನ್ನ ಮತ್ತೆ ತುಂಬೋಕಾಗಲ್ಲ. ಉಳಿ ಜಾರಿದರೆ ಆ ಜಾರಿದ್ದೂ ಚಿತ್ರದಲ್ಲಿ ಬರುತ್ತೆ. ಕೆಲವರು ಅದನ್ನ ಮುಚ್ಚೋಕೆ ಒದ್ದಾಡ್ತಾರೆ, ಕೆಲವರು ಅದನ್ನೇ ಜೋಕ್ ಮಾಡ್ಕೊಳ್ತಾರೆ. ನಮ್ಮ ದುಂಡು ಕನ್ನಡ ಅಕ್ಷರಗಳಂತೂ ಪರೀಕ್ಷೆಯೇ ಸರಿ. ಉಳಿ ತಿರುಗಿಸೋಕಿಂತ ಶೀಟನ್ನೇ ತಿರುಗಿಸ್ತಾ ಹೋಗಬೇಕು.

ನಾನೂ ಬಸವೇಶ್ವರನಗರದ ಮನೆಯ ಊಟದ ಟೇಬಲ್ ಮೇಲೆ ಕೂತು "ನಗು" ಅಂತ ಕೆತ್ತಿದೆ. ಪ್ರಿಂಟ್ ತೆಗೆದ ಮೇಲೆ ನೆನಪಾಯ್ತು, ಅಕ್ಷರ ಉಲ್ಟಾ ಕೆತ್ತಬೇಕಿತ್ತು! ಹಾಗೇ ಫ್ರಿಜ್ ಮೇಲೆ ಅಂಟಿಸಿದೆ. ಅಮ್ಮ ಕನ್ನಡಕ ಹಾಕ್ಕೊಂಡು ಹತ್ರ ಬಂದು ನೋಡಿ, "ಏನೋ ಇದು, ಕಾಗೆ ಕಾಲು ಗುಬ್ಬಿ ಕಾಲು?" ಅಂದ್ರು. ಆಮೇಲೆ ತಾವೇ ನಕ್ಕರು.