ಮಲೆನಾಡಿನ ತೋಟದ ಡೀಸೆಲ್ ಜೀಪಿಗೆ ತಕ್ಕ ಸ್ಪ್ರಿಂಗುಗಳು

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಗಳ ಕಾಫಿ ತೋಟಗಳಲ್ಲಿ ಹಿಂದೆ ಎತ್ತಿನ ಗಾಡಿಯು ಮಾಡುತ್ತಿದ್ದ ಕೆಲಸವನ್ನು ಈಗ ನಾಲ್ಕು ಚಕ್ರಗಳಿಗೂ ಎಳೆತವುಳ್ಳ ಡೀಸೆಲ್ ಜೀಪು ಮಾಡುತ್ತಿರುವುದು ಸರ್ವರಿಗೂ ತಿಳಿದ ವಿಷಯವೇ ಸರಿ. ಗೊಬ್ಬರದ ಮೂಟೆ, ಸುಣ್ಣ, ಬೋರ್ಡೋ ದ್ರಾವಣದ ಪೀಪಾಯಿ, ಕುಯಿಲಿನ ಹಣ್ಣು, ಕೊನೆಗೆ ಕಾಯಿಲೆಯಾದ ಆಳನ್ನು ಆಸ್ಪತ್ರೆಗೆ ಸಾಗಿಸುವುದು, ಎಲ್ಲವೂ ಈ ಒಂದೇ ವಾಹನದಿಂದ ನಡೆಯುತ್ತದೆ. ಮಳೆಗಾಲವು ಕಳೆಯುವ ಹೊತ್ತಿಗೆ ತೋಟದ ದಾರಿಗಳಲ್ಲಿ ಚಕ್ರದ ಜಾಡುಗಳು ಹೊಂಡಗಳಾಗಿ, ನಡುವಿನ ದಿಣ್ಣೆಯು ಗಾಡಿಯ ಹೊಟ್ಟೆಗೆ ತಾಗತೊಡಗುತ್ತದೆ. ಆಗ ಯಜಮಾನರು ಪೇಟೆಗೆ ಹೋಗಿ, ಎತ್ತರದ ಸ್ಪ್ರಿಂಗು ಹಾಕಿರೆಂದು ಹೇಳುವುದು ವಾಡಿಕೆಯಾಗಿದೆ. ಎಷ್ಟು ಎತ್ತರವೆಂದು ಕೇಳುವವರು ಬಹಳ. ಎಷ್ಟು ಭಾರಕ್ಕೆಂದು ಕೇಳುವವರು ವಿರಳ.

ಈ ಲೇಖಕನೂ ಹಾಗೆ ಕೇಳದವರಲ್ಲಿ ಒಬ್ಬನು. ಕೆಲವು ವರ್ಷಗಳ ಹಿಂದೆ ತನ್ನ ಸ್ವಂತ ಹಳೆಯ ಜೀಪಿನ ಹಿಂಬದಿಯ ಸ್ಪ್ರಿಂಗುಗಳಿಗೆ ಎರಡೆರಡು ಹೆಚ್ಚಿನ ಪಟ್ಟೆಗಳನ್ನೂ ಉದ್ದನೆಯ ಷ್ಯಾಕಲುಗಳನ್ನೂ ಹಾಕಿಸಿದನು. ಗಾಡಿಯು ಹಿಂಗಾಲೆತ್ತಿ ನಿಂತ ಮಿಡತೆಯಂತೆ ಕಾಣುತ್ತಿತ್ತು, ನೋಡಿದವರು ಮೆಚ್ಚಿದರು. ಮುಂದಿನ ಆಷಾಢದಲ್ಲಿ ಕಳಸದ ಕಡೆಯ ಒಂದು ತೋಟದ ಇಳಿಜಾರಿನಲ್ಲಿ ಬರಿಯ ಗಾಡಿಯನ್ನು ಇಳಿಸುತ್ತಿರುವಾಗ ಹಿಂದಿನ ಚಕ್ರಗಳು ನೆಲವನ್ನು ಹಿಡಿಯದೆ ಹೊಂಡದಿಂದ ಹೊಂಡಕ್ಕೆ ನೆಗೆದು, ಬಾಲವು ಕಣಿವೆಯ ಕಡೆಗೆ ತಿರುಗಿತು. ಒಂದು ಸಿಲ್ವರ್ ಓಕ್ ಮರವು ತಡೆಯಿತು. ಹಿಂದೆ ಕುಳಿತಿದ್ದ ಇಬ್ಬರು ಆಳುಗಳಲ್ಲಿ ಒಬ್ಬಾಕೆಯ ಮಣಿಕಟ್ಟಿನ ಮೂಳೆಯು ಮುರಿದು ಆ ವರ್ಷದ ಕುಯಿಲಿಗೆ ಆಕೆ ಬರಲಾಗಲಿಲ್ಲ. ದೋಷವು ಗರಾಜಿನದೆಂದು ಆ ದಿನ ಹೇಳಿದ್ದಾಯಿತು. ಆದರೆ ಭಾರದ ಮಾತೆತ್ತದೆ ಎತ್ತರವನ್ನು ಕೇಳಿದವನು ತಾನೇ.

ಸ್ಪ್ರಿಂಗಿನಲ್ಲಿ ಎರಡು ಗುಣಗಳುಂಟು. ಒಂದು ಅದರ ಎತ್ತರ, ಇನ್ನೊಂದು ಅದರ ಬಿಗುವು. ಇವೆರಡೂ ಬೇರೆಬೇರೆಯೆಂಬುದನ್ನು ಮೊದಲು ಮನಗಾಣಬೇಕು. ಲೆಕ್ಕಕ್ಕಾಗಿ ಒಂದು ಮಿಲಿಮೀಟರು ತಗ್ಗಲು 3 ಕಿಲೋಗ್ರಾಂ ಭಾರ ಬೇಕಾಗುವ ಸ್ಪ್ರಿಂಗನ್ನು ತೆಗೆದುಕೊಳ್ಳೋಣ. 50 ಕಿಲೋಗ್ರಾಮಿನ ಆರು ಮೂಟೆಗಳನ್ನು ಹಿಂದಿನ ಅಚ್ಚಿನ ನೇರಕ್ಕೆ ಹೇರಿದರೆ ಒಂದೊಂದು ಸ್ಪ್ರಿಂಗಿನ ಪಾಲಿಗೆ 150 ಕಿಲೋಗ್ರಾಂ ಬಂದು, ಗಾಡಿಯು 50 ಮಿಲಿಮೀಟರು, ಎಂದರೆ ಸುಮಾರು 2 ಅಂಗುಲ, ಕುಳಿತುಕೊಳ್ಳುತ್ತದೆ. ಮಿಲಿಮೀಟರಿಗೆ 5 ಕಿಲೋಗ್ರಾಂ ಬೇಡುವ ಸ್ಪ್ರಿಂಗಾದರೆ 30 ಮಿಲಿಮೀಟರು ಮಾತ್ರ. ಪ್ರತಿದಿನವೂ ಆರು ಮೂಟೆ ಹೇರುವವನಿಗೆ ಎರಡನೆಯದೇ ಸರಿ. ಆದರೆ ವರ್ಷದಲ್ಲಿ ಹತ್ತು ತಿಂಗಳು ಬರಿದೆ ತಿರುಗುವ ಗಾಡಿಗೆ ಅದನ್ನು ಹಾಕಿದರೆ, ಅದು ಬಗ್ಗುವುದೇ ಇಲ್ಲ. ಚಕ್ರವು ಹೊಂಡಕ್ಕೆ ಇಳಿಯುವ ಬದಲು ಗಾಳಿಯಲ್ಲಿ ನಿಲ್ಲುತ್ತದೆ. ನಾಲ್ಕು ಚಕ್ರಗಳಿಗೂ ಎಳೆತವಿದ್ದು ಪ್ರಯೋಜನವೇನು, ನೆಲದ ಮೇಲೆ ಇರುವುದು ಮೂರೇ ಆದರೆ?

ಬಿಗುವು ಎಷ್ಟು ಬೇಗ ಏರುತ್ತದೆಂಬುದೂ ತಿಳಿದಿರಲಿ. ಪಟ್ಟೆ ಸ್ಪ್ರಿಂಗಿನಲ್ಲಿ ಅದು ಪಟ್ಟೆಯ ದಪ್ಪದ ಘನಕ್ಕೆ ಅನುಸಾರವಾಗಿ ಹೆಚ್ಚುತ್ತದೆ. 6 ಮಿಲಿಮೀಟರಿನ ಪಟ್ಟೆಗಳ ಬದಲು 7 ಮಿಲಿಮೀಟರಿನವನ್ನು ಹಾಕಿದರೆ ಬಿಗುವು ಒಂದೂವರೆಯಷ್ಟನ್ನು ಮೀರುತ್ತದೆ. ಸುರುಳಿ ಸ್ಪ್ರಿಂಗಿನಲ್ಲಿ ತಂತಿಯ ದಪ್ಪದ ನಾಲ್ಕನೆಯ ಘಾತವು ಲೆಕ್ಕಕ್ಕೆ ಬರುತ್ತದೆ. 14 ಮಿಲಿಮೀಟರು 15 ಆದರೆ ಸುಮಾರು ಮೂರನೆಯ ಒಂದು ಪಾಲು ಹೆಚ್ಚಾಗುತ್ತದೆ. ಕಣ್ಣಿಗೆ ಕಾಣದ ಈ ಒಂದು ಮಿಲಿಮೀಟರನ್ನು ಅಂಗಡಿಯವನು ಹೇಳುವುದಿಲ್ಲ, ಕೊಳ್ಳುವವನೇ ಅಳೆಯತಕ್ಕದ್ದು.

ಆದಕಾರಣ ಕೊಳ್ಳುವುದಕ್ಕೆ ಮೊದಲು ಗಾಡಿಯನ್ನು ತೂಗಿಸಬೇಕು. ಡೀಸೆಲ್ ತುಂಬಿಸಿ, ಚಾಲಕನನ್ನು ಕೂರಿಸಿ, ಸದಾ ಗಾಡಿಯಲ್ಲಿಯೇ ಇರುವ ಸಾಮಾನುಗಳನ್ನು ಇರಿಸಿ, ವೇ ಬ್ರಿಡ್ಜಿನ ಮೇಲೆ ಮುಂದಿನ ಅಚ್ಚನ್ನು ಒಮ್ಮೆ, ಹಿಂದಿನದನ್ನು ಒಮ್ಮೆ ಬೇರೆಬೇರೆಯಾಗಿ ತೂಗಿಸುವುದು. ಕಬ್ಬಿಣದ ಬಂಪರು, ವಿಂಚು ಮುಂತಾದುವು ಇದ್ದರೆ ಮುಂದಿನ ಅಚ್ಚಿನ ಮೇಲೆ ಎಂಬತ್ತು ತೊಂಬತ್ತು ಕಿಲೋಗ್ರಾಂ ಸುಲಭವಾಗಿ ಸೇರುತ್ತದೆ. ಡೀಸೆಲ್ ಎಂಜಿನ್ನು ಸಾಮಾನ್ಯವಾಗಿ ಪೆಟ್ರೋಲಿನದಕ್ಕಿಂತ ಭಾರವಾದುದು. ಹಳೆಯ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ನು ಕೂರಿಸಿ ಸ್ಪ್ರಿಂಗನ್ನು ಮಾತ್ರ ಹಿಂದಿನದನ್ನೇ ಉಳಿಸಿಕೊಂಡವರ ಗಾಡಿಗಳು ಮೂಗು ತಗ್ಗಿಸಿ ಓಡಾಡುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಹೊಸ ಮಾದರಿಯ ಥಾರ್ ಗಾಡಿಗೂ ಸ್ಪ್ರಿಂಗು ಕೇಳುವಾಗ ಡೀಸೆಲಿನದೆಂದು ಸ್ಪಷ್ಟವಾಗಿ ಹೇಳಬೇಕು. ಆಸ್ಟ್ರೇಲಿಯ ದೇಶದ ತಯಾರಕರು ಒಂದೇ ಗಾಡಿಗೆ ಲಘು, ಮಧ್ಯಮ, ಭಾರ ಎಂದು ಹೊರೆಯನ್ನನುಸರಿಸಿ ಸ್ಪ್ರಿಂಗುಗಳನ್ನು ವಿಂಗಡಿಸಿ ಮಾರುತ್ತಾರೆ. ಇದು ಅನುಕರಣಯೋಗ್ಯವಾದ ಪದ್ಧತಿ.

ಸದಾ ಇರುವ ಭಾರಕ್ಕೆ ಸ್ಪ್ರಿಂಗನ್ನು ಆರಿಸಬೇಕೇ ಹೊರತು ಕುಯಿಲಿನ ಎರಡು ತಿಂಗಳ ಭಾರಕ್ಕಲ್ಲ. ಆ ಎರಡು ತಿಂಗಳಿಗೆ ಸಹಾಯಕ ಪಟ್ಟೆಯೆಂಬುದು ಉಂಟು. ಬರಿಯ ಗಾಡಿಯಲ್ಲಿ ಅದು ಸುಮ್ಮನೆ ಇದ್ದು, ಹೊರೆ ಬಿದ್ದು ಗಾಡಿ ತಗ್ಗಿದಾಗ ಮಾತ್ರ ಭಾರವನ್ನು ಹೊರುತ್ತದೆ. ಈ ಲೇಖಕನ ಮತದಲ್ಲಿ ತೋಟದ ಜೀಪಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಇನ್ನೊಂದು ಸಂಗತಿ. ಅನೇಕರಿಗೆ ಬೇಕಾದುದು ಎತ್ತರಿಸುವ ಸ್ಪ್ರಿಂಗಲ್ಲ, ಹೊಸ ಸ್ಪ್ರಿಂಗು. ಕಾಫಿ ಒಣಗಿಸುವ ಸಿಮೆಂಟು ಕಣದ ಸಮನಾದ ಭಾಗದಲ್ಲಿ ಗಾಡಿಯನ್ನು ನಿಲ್ಲಿಸಿ, ಪ್ರತಿ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದುಕೊಳ್ಳಿರಿ. ಎಡಕ್ಕೂ ಬಲಕ್ಕೂ ಅರ್ಧ ಅಂಗುಲದ ವ್ಯತ್ಯಾಸವಿದ್ದರೆ, ಅಥವಾ ಪಟ್ಟೆಗಳು ಬಿಲ್ಲಿನಂತಿರದೆ ನೆಟ್ಟಗಾಗಿದ್ದರೆ, ಅವು ದಣಿದಿವೆಯೆಂದು ತಿಳಿಯಬೇಕು. ಎಂ.ಎಂ. 540ರಂತಹ ನಾಲ್ಕೂ ಕಡೆ ಪಟ್ಟೆ ಸ್ಪ್ರಿಂಗುಳ್ಳ ಹಳೆಯ ಜೀಪುಗಳಲ್ಲಿ ಮೂಲ ಅಳತೆಯ ಹೊಸ ಸ್ಪ್ರಿಂಗುಗಳೇ ಕಳೆದುಹೋದ ಎತ್ತರವನ್ನು ಮರಳಿ ಕೊಡುತ್ತವೆ.

ಬೊಲೆರೊದಲ್ಲಿ ಮುಂದೆ ಸುರುಳಿ, ಹಿಂದೆ ಪಟ್ಟೆ. 2010ರಿಂದ 2020ರವರೆಗೆ ಬಂದ ಮೊದಲ ಮಾದರಿಯ ಸಿ.ಆರ್.ಡಿ.ಇ. ಡೀಸೆಲ್ ಥಾರ್‌ನಲ್ಲಿ ಮುಂದೆ ತಿರುಚು ಸರಳು, ಹಿಂದೆ ಪಟ್ಟೆ. ಈ ಸರಳಿನ ತಿರುಪನ್ನು ಬಿಗಿಮಾಡಿ ಎತ್ತರಿಸುವುದು ಅಗ್ಗದ ಕೆಲಸವಾದರೂ ಅದರಿಂದ ಬಿಗುವು ಹೆಚ್ಚುವುದಿಲ್ಲ. ಚಕ್ರವು ಕೆಳಗಿಳಿಯುವ ಅವಕಾಶವು ಮಾತ್ರ ಕುಗ್ಗಿ, ಮುಂದಿನ ಅಚ್ಚಿನ ಕೀಲುಗಳ ರಬ್ಬರು ಚೀಲವು ಬೇಗ ಹರಿಯುತ್ತದೆ. 2020ರ ಥಾರ್‌ನಲ್ಲಿ ನಾಲ್ಕೂ ಸುರುಳಿಗಳೇ.

ಎತ್ತರದಿಂದ ದೊರೆಯದ ಒಂದು ಲಾಭವನ್ನೂ ಹೇಳಬೇಕು. ಹಿಂದಿನ ಅಚ್ಚಿನ ಗುಂಡು, ಎಂದರೆ ಡಿಫರೆನ್ಷಿಯಲ್, ನೆಲದಿಂದ ಎಷ್ಟು ಮೇಲಿದೆಯೆಂಬುದು ಸ್ಪ್ರಿಂಗಿನಿಂದ ಬದಲಾಗುವುದಿಲ್ಲ. ದಾರಿಯ ನಡುವಿನ ಕಲ್ಲು ಅದಕ್ಕೆ ತಾಗುತ್ತಿದ್ದರೆ ನಾಲ್ಕು ಅಂಗುಲ ಸ್ಪ್ರಿಂಗು ಎತ್ತರಿಸಿದರೂ ತಾಗುತ್ತಲೇ ಇರುತ್ತದೆ. ಟೈರಿನ ವ್ಯಾಸವು 2 ಅಂಗುಲ ಹೆಚ್ಚಿದರೆ ಅಲ್ಲಿ 1 ಅಂಗುಲ ಸಿಗುತ್ತದೆ, ಅಷ್ಟೇ. ಗುದ್ದಲಿ ಹಿಡಿದು ಆ ದಿಣ್ಣೆಯನ್ನು ಕಡಿಸುವುದೇ ಎಷ್ಟೋ ಕಡೆ ಸುಲಭವಾದ ಮಾರ್ಗ.

ಒಂದೂವರೆಯಿಂದ ಎರಡು ಅಂಗುಲದ ಮೇಲೆ ಎತ್ತರಿಸಬಾರದೆಂದು ಈ ಲೇಖಕನು ಖಂಡಿತವಾಗಿ ಹೇಳುತ್ತಾನೆ. ಚಕ್ರಗಳ ನಡುವಣ ಅಗಲವು 1,400 ಮಿಲಿಮೀಟರು, ಗಾಡಿಯ ಗುರುತ್ವಕೇಂದ್ರವು ನೆಲದಿಂದ 700 ಮಿಲಿಮೀಟರು ಎಂದಿಟ್ಟುಕೊಂಡರೆ, ಕಾಗದದ ಲೆಕ್ಕದಲ್ಲಿ 45 ಡಿಗ್ರಿ ವಾಲಿದಾಗ ಅದು ಮಗುಚುತ್ತದೆ. ಆ ಕೇಂದ್ರವು 100 ಮಿಲಿಮೀಟರು ಮೇಲೇರಿದರೆ 41 ಡಿಗ್ರಿಗೇ ಮಗುಚುತ್ತದೆ. ಸ್ಪ್ರಿಂಗು ಒಂದು ಪಕ್ಕಕ್ಕೆ ಕುಸಿಯುವುದನ್ನೂ ತಿರುವಿನ ವೇಗವನ್ನೂ ಸೇರಿಸಿದರೆ ಅದಕ್ಕಿಂತ ಬಹಳ ಮೊದಲೇ. ಹಿಂದೆ ಆಳುಗಳು ನಿಂತಿದ್ದರೆ ಹೇಳತಕ್ಕದ್ದೇ ಇಲ್ಲ.

ಬ್ರೇಕಿನ ವಿಷಯವು ಇನ್ನೂ ಸೂಕ್ಷ್ಮವಾದುದು. ಅನೇಕ ಗಾಡಿಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಸಣ್ಣ ಕಡ್ಡಿಯೊಂದರಿಂದ ಕೂಡಿದ ಕವಾಟವಿರುತ್ತದೆ. ಗಾಡಿ ತಗ್ಗಿದ್ದರೆ ಹೊರೆಯಿದೆಯೆಂದು ತಿಳಿದು ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕನ್ನು ಕೊಡುವುದು ಅದರ ಕೆಲಸ. ಗಾಡಿಯನ್ನು ಎತ್ತರಿಸಿ ಆ ಕಡ್ಡಿಯನ್ನು ಸರಿಪಡಿಸದಿದ್ದರೆ, ಹೊರೆ ತುಂಬಿದ್ದರೂ ಬರಿದಾಗಿದೆಯೆಂದು ಅದು ಭಾವಿಸುತ್ತದೆ. ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ಇದರ ಪರಿಣಾಮವೇನೆಂದು ವಿವರಿಸಬೇಕಾಗಿಲ್ಲ. ಬ್ರೇಕಿನ ರಬ್ಬರು ಕೊಳವೆಗಳ ಉದ್ದ, ಷಾಕ್ ಅಬ್ಸಾರ್ಬರುಗಳ ಉದ್ದ, ಪ್ರೊಪೆಲ್ಲರ್ ಷಾಫ್ಟಿನ ಓರೆ, ಇವನ್ನೂ ಅದೇ ದಿನ ನೋಡಿಸಬೇಕು. ಉದ್ದನೆಯ ಷ್ಯಾಕಲಿನಿಂದ ಅದರ ಹೆಚ್ಚಿದ ಉದ್ದದ ಅರ್ಧದಷ್ಟು ಎತ್ತರ ಮಾತ್ರ ಬರುತ್ತದೆ. ಮುಂದಿನ ಅಚ್ಚಿಗೆ ಹಾಕಿದರೆ ಸ್ಟೀರಿಂಗು ಅಲೆಯುತ್ತದೆ. ಮುಂದಿನ ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ದಿಮ್ಮಿಯಿಡುವುದು ಎಂದಿಗೂ ಸಲ್ಲದು.

ಕಾನೂನನ್ನೂ ಲಕ್ಷ್ಯದಲ್ಲಿಡತಕ್ಕದ್ದು. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಿರ್ದೇಶಿಸಿದವುಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ವಿಧಿಸುತ್ತದೆ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಕೆಲಸ ಮಾಡಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ.

ಹೊಸ ಪಟ್ಟೆಗಳು ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ಕುಳಿತುಕೊಳ್ಳುವುದು ಸಹಜ. 500 ಕಿಲೋಮೀಟರು ಓಡಿದ ಮೇಲೆ ಯು-ಬೋಲ್ಟುಗಳನ್ನು ತಪ್ಪದೆ ಮತ್ತೊಮ್ಮೆ ಬಿಗಿಮಾಡಿಸಬೇಕು. ನಮ್ಮ ಮಳೆಯಲ್ಲಿ ಪಟ್ಟೆಗಳ ನಡುವೆ ತುಕ್ಕು ಹಿಡಿದು ಅವು ಒಂದರ ಮೇಲೊಂದು ಜಾರದೆ ಹೋಗುವುದರಿಂದ, ಮುಂಗಾರಿಗೆ ಮೊದಲು ತೊಳೆಸಿ ಗ್ರಾಫೈಟ್ ಗ್ರೀಸನ್ನು ಹಚ್ಚಿಸುವುದು. ತೆಗೆದ ಹಳೆಯ ಪಟ್ಟೆಗಳನ್ನು ಗುಜರಿಯವನಿಗೆ ಕೊಡದೆ ಕಮ್ಮಾರನ ಬಳಿಗೆ ಒಯ್ಯಿರಿ. ಮರಗಸಿಗೆ ಬೇಕಾದ ಕತ್ತಿಗೆ ಅದಕ್ಕಿಂತ ಒಳ್ಳೆಯ ಉಕ್ಕು ಪೇಟೆಯಲ್ಲಿ ಸುಲಭವಾಗಿ ಸಿಕ್ಕದು.